ಕಟ್ಟೆಯ ಮೇಲಿನ ಹಳೆಯ ಯುದ್ಧವಿಮಾನ ಗುಜರಿ ಸೇರದಂತೆ ಕಾಯುವ ಬಗೆ

ಬೆಳಗಾವಿಯಲ್ಲಿ ಸೈನ್ಯವೂ ಎರಕದ ಕುಲುಮೆಯೂ ಅಕ್ಕಪಕ್ಕದಲ್ಲಿ ಬೆಳೆದಿವೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ, ಕ್ಯಾಂಪ್ ಭಾಗದಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ಉದ್ಯಮಬಾಗದಲ್ಲಿ ಸಾಲು ಸಾಲು ಫೌಂಡ್ರಿಗಳಿವೆ. ಆದ್ದರಿಂದ ಸೇವೆ ಮುಗಿಸಿ ಕಟ್ಟೆಯೇರಿದ ವಿಮಾನವೊಂದಕ್ಕೆ ಇಲ್ಲಿ ಗೌರವ ಎಷ್ಟು ಹತ್ತಿರವೋ ಕುಲುಮೆಯೂ ಅಷ್ಟೇ ಹತ್ತಿರ. ನಾನು ಬಾಲ್ಯದಿಂದ ನೋಡುತ್ತಿದ್ದ ವಿಮಾನವೊಂದು ಈ ಭಾಗದ ಒಂದು ಸಂಸ್ಥೆಯ ಆವರಣದಿಂದ ಬೇಸಿಗೆಯ ರಜೆಯಲ್ಲಿ ಕಾಣೆಯಾಯಿತು. ಕಟ್ಟೆಯ ಮೇಲೆ ಕತ್ತರಿಸಿದ ಬೋಲ್ಟುಗಳ ಮೊಂಡುಗಳಷ್ಟೇ ಉಳಿದಿದ್ದವು. ವಿಚಾರಿಸಿದಾಗ ಯಾರಲ್ಲಿಯೂ ಕೆಟ್ಟ ಉದ್ದೇಶ ಕಾಣಲಿಲ್ಲ. ವಿಮಾನದ ಹೆಸರು ಯಾವ ರಿಜಿಸ್ಟರಿನಲ್ಲಿಯೂ ಇರಲಿಲ್ಲ, ಹೀಗಾಗಿ ಆವರಣ ಸ್ವಚ್ಛಗೊಳಿಸುವಾಗ ಅದನ್ನು "ನಿರುಪಯುಕ್ತ ಕಬ್ಬಿಣ" ಎಂದು ಬರೆದು ತೂಕಕ್ಕೆ ಕೊಟ್ಟಿದ್ದರು. ಅದರ ಬಹುಭಾಗ ಕಬ್ಬಿಣವೇ ಆಗಿರಲಿಲ್ಲ, ಅಲ್ಯೂಮಿನಿಯಂ ಮಿಶ್ರಲೋಹವಾಗಿತ್ತು. ಅಂದಿನಿಂದ ನನಗೆ ಖಚಿತವಾದದ್ದು ಇಷ್ಟು: ಇಂತಹ ವಿಮಾನವನ್ನು ಮೊದಲು ಕಾಗದದ ಮೇಲೆ ಉಳಿಸಬೇಕು, ಆಮೇಲೆ ಮಳೆಯಿಂದ ಉಳಿಸಬೇಕು. ಈ ಕ್ರಮ ತಪ್ಪಿದರೆ ಬಳಿದ ಬಣ್ಣವೂ ವ್ಯರ್ಥ.

ಕಾನೂನು ತಾನಾಗಿ ರಕ್ಷಿಸುತ್ತದೆ ಎಂದು ನಂಬಿ ಕುಳಿತುಕೊಳ್ಳಬಾರದು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ವಸ್ತುವೊಂದು ಪ್ರಾಚ್ಯವಸ್ತು ಎನಿಸಿಕೊಳ್ಳಲು ಕನಿಷ್ಠ 100 ವರ್ಷ ಹಳೆಯದಾಗಿರಬೇಕು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ಜೆಟ್ ಯುದ್ಧವಿಮಾನ ಮಾರುತ್ ಮೊದಲು ಹಾರಿದ್ದೇ 1961ರಲ್ಲಿ, ಹೀಗಾಗಿ ಅದಕ್ಕೆ ಈ ರಕ್ಷಣೆ ಸಿಗದು. 1971ರ ಯುದ್ಧದಲ್ಲಿ ಹೆಸರು ಮಾಡಿ, 1997ರಲ್ಲಿ ನಿವೃತ್ತಿಯಾಗಿ, ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದ್ದ ವಿಮಾನವಾಹಕ ನೌಕೆ ವಿಕ್ರಾಂತ್ ಕೂಡ 2014ರಲ್ಲಿ ಹರಾಜಾಗಿ ಒಡೆಯಲ್ಪಟ್ಟಿತು ಎಂಬುದನ್ನು ನೆನಪಿನಲ್ಲಿಡಬೇಕು.

ಮೊದಲ ಕೆಲಸ ವಿಮಾನದ ಗುರುತನ್ನು ಖಚಿತಪಡಿಸಿಕೊಳ್ಳುವುದು. ಬಾಲದ ಬಳಿ ಬರೆದ ಸಂಖ್ಯೆಯನ್ನಷ್ಟೇ ನೆಚ್ಚಬಾರದು, ಏಕೆಂದರೆ ಮತ್ತೆ ಮತ್ತೆ ಬಣ್ಣ ಬಳಿಯುವಾಗ ಪೇಂಟರ್‌ಗಳು ಅಂಕಿಗಳನ್ನು ಅಂದಾಜಿನಿಂದ ಬರೆದಿರುವ ಸಾಧ್ಯತೆ ಇರುತ್ತದೆ. ಚಕ್ರಗಳು ಮಡಚಿಕೊಳ್ಳುವ ಗೂಡು, ಚಾಲಕನ ಕೋಣೆ, ತೆರೆಯಬಹುದಾದ ಮುಚ್ಚಳಗಳ ಒಳಮೈ, ಇಲ್ಲೆಲ್ಲ ರಿವೆಟ್ ಮಾಡಿದ ಸಣ್ಣ ಲೋಹದ ಪಟ್ಟಿಗಳನ್ನು ಹುಡುಕಿ, ಅವುಗಳ ಮೇಲಿನ ಅಕ್ಷರಗಳನ್ನು ಓರೆ ಬೆಳಕಿನಲ್ಲಿ ಛಾಯಾಚಿತ್ರ ತೆಗೆದುಕೊಳ್ಳಿರಿ. ಮಾರುತ್ ತಯಾರಾದದ್ದು ಒಟ್ಟು 147 ಮಾತ್ರ. ನಿಮ್ಮ ಊರಿನಲ್ಲಿರುವುದು ಆ 147ರಲ್ಲಿ ಒಂದು ಎಂದು ಸಂಖ್ಯೆಯ ಸಮೇತ ತೋರಿಸಿದರೆ, "ಯಾವುದೋ ಹಳೆಯ ವಿಮಾನ" ಎನ್ನುವ ಮಾತು ಅಲ್ಲಿಗೇ ನಿಲ್ಲುತ್ತದೆ. ಮಿಗ್-21 ನೂರಾರು ಸಂಖ್ಯೆಯಲ್ಲಿ ಬಂದ ವಿಮಾನವಾದರೂ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಅದಕ್ಕೂ ವಿದಾಯ ಹೇಳಲಾಗಿದೆ. ಇನ್ನು ಮುಂದೆ ಕಟ್ಟೆಯ ಮೇಲಿನದೂ ಸಂಗ್ರಹಾಲಯದ್ದೂ ಮಾತ್ರ ನಮ್ಮ ಪಾಲಿಗೆ ಉಳಿಯುವಂಥವು.

ಗುರುತು ಸಿಕ್ಕ ಮೇಲೆ ಒಡೆತನದ ಪ್ರಶ್ನೆ ಬರುತ್ತದೆ. ವಾಯುಪಡೆ ಪ್ರದರ್ಶನಕ್ಕೆಂದು ಕೊಟ್ಟ ವಿಮಾನವನ್ನು ಯಾವ ಪತ್ರದ ಮೂಲಕ, ಯಾವ ಷರತ್ತಿನ ಮೇಲೆ ಕೊಟ್ಟಿತು ಎಂಬುದನ್ನು ಸಂಸ್ಥೆಯ ಹಳೆಯ ಕಡತಗಳಲ್ಲಿ ಹುಡುಕಿಸಬೇಕು. ಪತ್ರ ಸಿಗದಿದ್ದರೆ ಮತ್ತು ಸಂಸ್ಥೆ ಸರ್ಕಾರದ್ದಾಗಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿರಿ. 30 ದಿನಗಳೊಳಗೆ ಉತ್ತರ ಬರಬೇಕು. ಅರ್ಜಿಯಲ್ಲಿ ವಿಮಾನದ ಒಡೆಯರು ಯಾರು, ನಿರ್ವಹಣೆಯ ಹೊಣೆ ಯಾರದು, ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ (ಸಂಸ್ಥೆಯ ಬಾಳಿಕೆಯ ಸಾಮಗ್ರಿಗಳ ದಾಖಲೆಯಲ್ಲಿ) ಅದರ ನಮೂದು ಇದೆಯೇ, ಅದನ್ನು ಕಂಡಮ್ ಮಾಡುವ, ಅಂದರೆ ನಿರುಪಯುಕ್ತವೆಂದು ಘೋಷಿಸುವ, ಪ್ರಸ್ತಾವ ಬಂದಿದೆಯೇ ಎಂಬ ನಾಲ್ಕು ಪ್ರಶ್ನೆಗಳಿದ್ದರೆ ಸಾಕು. ನಮೂದು ಇಲ್ಲವೆಂದಾದರೆ ವಿಮಾನದ ಮಾದರಿ, ಸಂಖ್ಯೆ, ಬಂದ ವರ್ಷ ಮತ್ತು ಛಾಯಾಚಿತ್ರ ಲಗತ್ತಿಸಿ "ಪ್ರದರ್ಶನಕ್ಕಾಗಿ ಪಡೆದ ಐತಿಹಾಸಿಕ ಯುದ್ಧವಿಮಾನ" ಎಂದು ಬರೆಸುವಂತೆ ಪ್ರಾಚಾರ್ಯರನ್ನೋ ಕಚೇರಿಯ ಮುಖ್ಯಸ್ಥರನ್ನೋ ಲಿಖಿತವಾಗಿ ಕೋರಿರಿ. ಆ ಒಂದು ಸಾಲು ಹತ್ತು ಡಬ್ಬಿ ಬಣ್ಣಕ್ಕಿಂತ ದೊಡ್ಡ ರಕ್ಷಣೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಕೈ ಹಚ್ಚುವ ಮೊದಲು ಸುರಕ್ಷತೆಯ ವಿಚಾರ. ಜೆಟ್ ಯುದ್ಧವಿಮಾನದಲ್ಲಿ ಚಾಲಕನನ್ನು ಹೊರಚಿಮ್ಮಿಸುವ ಆಸನಕ್ಕೆ ಸ್ಫೋಟಕ ಕಾರ್ಟ್ರಿಜ್ ಇರುತ್ತದೆ. ಅದನ್ನು ತೆಗೆದಿದ್ದಾರೆಂದು ಭಾವಿಸಿಕೊಳ್ಳದೆ, ತೆಗೆದದ್ದಕ್ಕೆ ಲಿಖಿತ ದೃಢೀಕರಣ ಸಿಗುವವರೆಗೆ ಚಾಲಕನ ಕೋಣೆಗೆ ಯಾರನ್ನೂ, ಮುಖ್ಯವಾಗಿ ಮಕ್ಕಳನ್ನು, ಇಳಿಸಬೇಡಿರಿ. ಹಳೆಯ ಕೆಲವು ಗಡಿಯಾರ ಮತ್ತು ಮಾಪಕಗಳ ಮುಳ್ಳುಗಳಿಗೆ ರೇಡಿಯಂ ಬೆರೆತ ಬಣ್ಣ ಹಚ್ಚಿರುತ್ತಿದ್ದರು. ಅದರ ಹೊಳಪು ಆರಿಹೋಗಿದ್ದರೂ ವಿಕಿರಣ ಆರಿರುವುದಿಲ್ಲ, ಏಕೆಂದರೆ ರೇಡಿಯಂ ಅರ್ಧದಷ್ಟು ಕ್ಷಯವಾಗಲು ಸುಮಾರು 1600 ವರ್ಷ ಬೇಕು. ಆದ್ದರಿಂದ ಮಾಪಕದ ಗಾಜು ಬಿಚ್ಚುವುದಾಗಲಿ, ಮುಳ್ಳನ್ನು ಕೆರೆಯುವುದಾಗಲಿ ಕೂಡದು.

ಇನ್ನು ನೀರಿನ ವಿಷಯ. ಇದಕ್ಕೆ ಹೆಚ್ಚು ಗಮನ ಬೇಕು. ಜೂನ್‌ನಿಂದ ಬೆಳಗಾವಿಯಲ್ಲಿ ಜಿಟಿಜಿಟಿ ಹಿಡಿಯುವ ಮಳೆ ವಿಮಾನದ ಹೊಟ್ಟೆಯೊಳಗೆ ಇಳಿದು ನಿಲ್ಲುತ್ತದೆ. ವಿಮಾನದ ತಳಭಾಗದಲ್ಲಿ ನೀರು ಬಸಿದುಹೋಗಲೆಂದು ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ, ಅವು ಧೂಳಿನಿಂದಲೂ ಮೇಲೆ ಮೇಲೆ ಬಳಿದ ಬಣ್ಣದಿಂದಲೂ ಮುಚ್ಚಿಹೋಗಿರುತ್ತವೆ. ಮೃಗಶಿರಾ ಮಳೆ ಬೀಳುವ ಮೊದಲೇ ಪ್ರತಿಯೊಂದು ರಂಧ್ರವನ್ನೂ ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿರಿ. ಗಾಳಿ ಎಳೆದುಕೊಳ್ಳುವ ಬಾಯಿ ಮತ್ತು ಹಿಂದಿನ ಕೊಳವೆಯಲ್ಲಿ ಪಾರಿವಾಳ, ಗೊರವಂಕಗಳು ಗೂಡು ಕಟ್ಟುತ್ತವೆ. ಹಿಕ್ಕೆ ಲೋಹವನ್ನು ತಿನ್ನುತ್ತದೆ, ಹುಲ್ಲು ತೇವ ಹಿಡಿದಿಡುತ್ತದೆ. ಅಲ್ಲಿ ನೈಲಾನ್ ಬಲೆ ಬಿಗಿಯಬೇಕೇ ಹೊರತು ಪ್ಲಾಸ್ಟಿಕ್ ಹಾಳೆ ಸುತ್ತಬಾರದು, ಏಕೆಂದರೆ ಗಾಳಿಯಾಡದ ಹೊಟ್ಟೆ ಒಳಗಿಂದಲೇ ಬೆವರುತ್ತದೆ. ವಿಮಾನದ ಲೋಹ ಕಬ್ಬಿಣದಂತೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಮೊದಲು ಬಿಳಿಯ ಪುಡಿ ಕಾಣಿಸಿಕೊಂಡು, ನಂತರ ತಗಡಿನ ಅಂಚು ಚಿರೋಟಿಯ ಹಾಗೆ ಪದರು ಪದರಾಗಿ ಉಬ್ಬುತ್ತದೆ. ಉಬ್ಬಿದ ಮೇಲೆ ಅದಕ್ಕೆ ಮದ್ದಿಲ್ಲ, ತಗಡು ಬದಲಿಸುವುದೊಂದೇ ದಾರಿ. ಕಟ್ಟೆಯ ಉಕ್ಕಿನ ಆಧಾರ ಅಲ್ಯೂಮಿನಿಯಂಗೆ ನೇರವಾಗಿ ತಾಗುವಲ್ಲಿ ಈ ಕೇಡು ಬೇಗ ಶುರುವಾಗುತ್ತದೆ, ಆದ್ದರಿಂದ ಎರಡರ ನಡುವೆ ದಪ್ಪ ನೈಲಾನ್ ಹಾಳೆ ಇಡಬೇಕು.

ತೊಳೆಯಲು ಮೃದು ಸಾಬೂನು, ಬಟ್ಟೆ ಮತ್ತು ಸಾಮಾನ್ಯ ಒತ್ತಡದ ನೀರು ಸಾಕು. ಉಕ್ಕಿನ ಬ್ರಷ್ ಬಳಸಿದರೆ ಅದರ ಚೂರುಗಳು ಮೆತ್ತಗಿನ ಲೋಹದಲ್ಲಿ ಹೂತು ಹೊಸ ಕೊರೆತಕ್ಕೆ ಬೀಜವಾಗುತ್ತವೆ. ಬಣ್ಣ ಎದ್ದಲ್ಲಿ ಕಾಣುವ ಹಳದಿ-ಹಸಿರು ಪದರು ಬಹುಮಟ್ಟಿಗೆ ಜಿಂಕ್ ಕ್ರೋಮೇಟ್ ಎಂಬ, ಲೋಹ ಕೆಡದಂತೆ ಹಚ್ಚುವ ಒಳಬಣ್ಣ. ಅದರ ಧೂಳು ವಿಷಕಾರಿಯಾದ್ದರಿಂದ ಒಣಗಿದ್ದಾಗ ಉಜ್ಜಬಾರದು. ಚಾಲಕನ ಕೋಣೆಯ ಮೇಲಿನ ಪಾರದರ್ಶಕ ಮುಚ್ಚಳವನ್ನು ಸೀಮೆಎಣ್ಣೆ, ಪೆಟ್ರೋಲ್, ತಿನ್ನರ್ ಮುಟ್ಟಕೂಡದು, ಅದು ಗಾಜಲ್ಲ, ಬಿರುಕು ಬಿಡುತ್ತದೆ. ವಿಜಯಪುರ, ಬಾಗಲಕೋಟೆಯ ಕಡೆ ಮಳೆಗಿಂತ ಬಿಸಿಲೇ ಶತ್ರು. ಅಲ್ಲಿ ಈ ಮುಚ್ಚಳಕ್ಕೆ ಬಿಳಿಯ ಹತ್ತಿಯ ಹೊದಿಕೆಯನ್ನು ಬೇಸಿಗೆಯುದ್ದಕ್ಕೂ ಹೊದಿಸಬೇಕು, ಟೈರುಗಳ ಮೇಲೆ ಭಾರ ಬೀಳದಂತೆ ಊರೆ ಕೊಡಬೇಕು. ತಗಡಿನ ಕೆಲಸಕ್ಕೆ ಉದ್ಯಮಬಾಗದ ಕಾರ್ಮಿಕರಂಥ ನುರಿತ ಕೈಗಳನ್ನೇ ಕರೆಯಿರಿ, ಆದರೆ ಹರಿದ ತಗಡನ್ನು ವೆಲ್ಡಿಂಗ್ ಮಾಡಿಸದೆ ರಿವೆಟ್ ಹಾಕಿಸಿರಿ, ಏಕೆಂದರೆ ಈ ಮಿಶ್ರಲೋಹಗಳು ಬೆಸುಗೆಯ ಶಾಖಕ್ಕೆ ಸತ್ವ ಕಳೆದುಕೊಳ್ಳುತ್ತವೆ.

ಕಂಡಮ್ ಮಾಡುವ ನಿರ್ಧಾರ ಆಗಿಯೇ ಹೋಗಿದ್ದರೆ ದಿನಗಳು ಎಣಿಕೆಯವು. ಸರ್ಕಾರಿ ಗುಜರಿ ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಸಂಸ್ಥೆ ನಡೆಸುವಂತಹ ಇ-ಹರಾಜಿನ ಮೂಲಕ ಹೋಗುವುದರಿಂದ ಪಟ್ಟಿಯನ್ನು ಗಮನಿಸುತ್ತಿರಬೇಕು, ಸಂಸ್ಥೆಯ ಮುಖ್ಯಸ್ಥರಿಗೂ ಜಿಲ್ಲಾಧಿಕಾರಿಗಳಿಗೂ ತಡೆಹಿಡಿಯುವಂತೆ ಮನವಿ ಕೊಡಬೇಕು. ಬರಿಯ ವಿರೋಧದ ಮನವಿಗೆ ಬಲವಿಲ್ಲ. ಬೇರೆ ಯಾವ ಶಾಲೆ, ಸಂಗ್ರಹಾಲಯ ಅದನ್ನು ಪಡೆಯಲು ಒಪ್ಪಿದೆ, ಕ್ರೇನ್ ಮತ್ತು ಟ್ರೇಲರ್ ಖರ್ಚು ಯಾರದು ಎಂಬುದನ್ನು ಅದರಲ್ಲಿಯೇ ತೋರಿಸಿರಿ. ಸಾಗಿಸುವಾಗ ರೆಕ್ಕೆಗಳನ್ನು ಅವುಗಳ ಸಂದಿನ ಬೋಲ್ಟುಗಳಲ್ಲಿಯೇ ಬಿಚ್ಚಬೇಕು. ಅದಕ್ಕೆ ವಾರಗಟ್ಟಲೆ ಎಣ್ಣೆ ಬಿಟ್ಟು ಕಾಯಬೇಕಾದರೂ ಕಾಯಿರಿ. ಹಾಳುಬಿದ್ದದ್ದೂ ಮತ್ತೆ ಎದ್ದು ನಿಂತ ಉದಾಹರಣೆ ನಮ್ಮಲ್ಲಿಯೇ ಇದೆ. ಎರಡನೆಯ ಮಹಾಯುದ್ಧದ ಬಳಿಕ ಬ್ರಿಟಿಷರು ಬೇಕೆಂದೇ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರುಗಳನ್ನು ಎಚ್‌ಎಎಲ್ ತಂತ್ರಜ್ಞರು 1948ರಲ್ಲಿ ಸರಿಪಡಿಸಿ ಬೆಂಗಳೂರಿಗೆ ಹಾರಿಸಿ ತಂದು ಪುನರ್ನಿರ್ಮಿಸಿದರು, ಅವು 1968ರವರೆಗೆ ನಮ್ಮ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವು. ಅವುಗಳಲ್ಲಿ ಕೆಲವು ಇಂದು ಬ್ರಿಟನ್ ಮತ್ತು ಅಮೆರಿಕದ ಸಂಗ್ರಹಾಲಯಗಳಲ್ಲಿವೆ.

ಯಾವ ಪ್ರಯತ್ನವೂ ಫಲಿಸದೆ ವಿಮಾನ ಮೋಡಕಾ (ಗುಜರಿ) ಅಂಗಡಿಯ ಪಾಲಾದರೆ, ಕೊಂಡವರನ್ನೇ ಕಂಡು ಮಾತನಾಡಿರಿ. ಅವರಿಗೆ ಬೇಕಾದದ್ದು ಲೋಹದ ತೂಕ, ಆದ್ದರಿಂದ ಅಷ್ಟೇ ಬೆಲೆ ಕೊಟ್ಟು ಗುರುತಿನ ಪಟ್ಟಿಗಳು, ಸಂಖ್ಯೆ ಬರೆದ ಬಾಲದ ತಗಡು, ಸಾಧ್ಯವಾದರೆ ಮೂತಿಯಿಂದ ಚಾಲಕನ ಕೋಣೆಯವರೆಗಿನ ಇಡೀ ಭಾಗವನ್ನು ಬಿಡಿಸಿಕೊಳ್ಳಬಹುದು. ಚಕ್ರದ ಗುಂಬ ಮತ್ತು ಗೇರ್‌ಬಾಕ್ಸಿನ ಹೊದಿಕೆ ಮೆಗ್ನೀಸಿಯಂ ಎರಕದವಾಗಿರಬಹುದೆಂದೂ, ಅಂಥವನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಿದರೆ ಹೊತ್ತಿಕೊಳ್ಳುತ್ತವೆಂದೂ, ಆ ಬೆಂಕಿಗೆ ನೀರು ಹಾಕದೆ ಒಣ ಮರಳು ಸುರಿಯಬೇಕೆಂದೂ ಅವರಿಗೆ ತಪ್ಪದೆ ತಿಳಿಸಿರಿ. ಕತ್ತರಿಸುವ ಮೊದಲು ಎಲ್ಲ ದಿಕ್ಕುಗಳಿಂದ ಅಳತೆಗೋಲು ಹಿಡಿದು ಚಿತ್ರ ತೆಗೆಯಿರಿ. ಅಂತಹ ವಿಮಾನದ ಮೇಲೆ ಕೆಲಸ ಮಾಡಿದ ನಿವೃತ್ತ ವಾಯುಸೈನಿಕರು ನಮ್ಮ ಜಿಲ್ಲೆಗಳಲ್ಲಿ ಸಿಕ್ಕರೆ, ಅವರನ್ನು ಆ ಚಿತ್ರಗಳ ಮುಂದೆ ಕೂರಿಸಿ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿರಿ. ಉಳಿಸಿಕೊಂಡ ಭಾಗಗಳನ್ನು ಶಾಲೆಗೋ ಸಂಗ್ರಹಾಲಯಕ್ಕೋ ಕೊಡುವಾಗ ವಿಮಾನದ ಸಂಖ್ಯೆಯ ಸಹಿತ ಅಲ್ಲಿನ ರಿಜಿಸ್ಟರಿನಲ್ಲಿ ನಮೂದಿಸಿ, ಪಡೆದವರ ಸಹಿ ಹಾಕಿಸಿ, ಒಂದು ಪ್ರತಿಯನ್ನು ನೀವೂ ಇಟ್ಟುಕೊಳ್ಳಿರಿ.