ಕೋವಿ ಮನೆಯವನು ಬಂದೂಕಿಲ್ಲದೆ ಅಪಲೇಚಿಯನ್ ಟ್ರೇಲ್ ನಡೆದದ್ದು

ಕೋವಿ ಇಲ್ಲದ ಮನೆಯನ್ನು ನಾನು ಚಿಕ್ಕಂದಿನಲ್ಲಿ ನೋಡಿಯೇ ಇರಲಿಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಪುತ್ತರಿಯ ಕದಿರು ತೆಗೆಯುವಾಗ ಒಂದು, ಆಯುಧ ಪೂಜೆ ಮಾಡುವ ಕೈಲ್ ಪೊಳ್ದಿಗೆ ಕೋವಿಗೆ ಹೂವು. ನಮ್ಮ ಕೊಡವರಿಗೆ ಅದಕ್ಕೆ ಲೈಸೆನ್ಸ್ ಕೂಡ ಬೇಡ. ಹಾಗಾಗಿ ಬಂದೂಕು ಬಿಟ್ಟು ಅಪಲೇಚಿಯನ್ ಟ್ರೇಲ್, ಅಂದರೆ ಅಮೆರಿಕದ ಜಾರ್ಜಿಯಾದಿಂದ ಮೇನ್‌ವರೆಗಿನ ಬೆಟ್ಟದ ಕಾಲುದಾರಿ, ಮುಗಿಸುತ್ತೇನೆ ಎಂದಾಗ ಮೊದಲು ಸಿಟ್ಟಾದವರು ಮಡಿಕೇರಿಯಲ್ಲಿರುವ ಅಣ್ಣ. "ಕಾಡಿಗೆ ಹೋಗುವವನು ಬರಿಗೈಲಿ ಹೋಗ್ತಾನಾ?" ಎಂದರು. ಇಲ್ಲಿ ನಾರ್ತ್ ಕ್ಯಾರೊಲಿನಾದ ಷಾರ್ಲೆಟ್‌ನಲ್ಲಿ ಜೊತೆಗೆ ನಡೆಯುವ ಗೆಳೆಯರೂ ಅದನ್ನೇ ಹೇಳಿದರು.

2022ರ ಸೆಪ್ಟೆಂಬರ್‌ನಲ್ಲಿ ಟ್ರೇಲ್ ಮುಗಿಯುವ ಮೇನ್ ರಾಜ್ಯದ ಕಟಾಡಿನ್ ಬೆಟ್ಟದ ತುದಿ ಮುಟ್ಟಿದೆ. 14 ರಾಜ್ಯ, ಸುಮಾರು 3,500 ಕಿ.ಮೀ., ಐದು ಸೀಸನ್‌ಗಳಲ್ಲಿ ತುಂಡು ತುಂಡಾಗಿ. ಅದರಲ್ಲಿ 3,000ಕ್ಕೂ ಜಾಸ್ತಿ ಕಿ.ಮೀ. ಬಂದೂಕಿಲ್ಲದೆ. ಈಗ ಅದೇ ಗೆಳೆಯರು ಬಂದೂಕಿಲ್ಲದೆ ಹೇಗೆ ನಡೆದೆ ಎಂದು ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ 440 ಕಿ.ಮೀ. ಮಾತ್ರ ಪಿಸ್ತೂಲು ಜೊತೆಗಿತ್ತು. 2017ರ ಏಪ್ರಿಲ್, ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ನಾರ್ತ್ ಕ್ಯಾರೊಲಿನಾದ ಹಾಟ್ ಸ್ಪ್ರಿಂಗ್ಸ್ ಊರಿನವರೆಗೆ. 9 ಎಂಎಂ, ಗುಂಡು ತುಂಬಿದರೆ 850 ಗ್ರಾಂ ಹತ್ತಿರ. ಪಿಸ್ತೂಲು, ಅದರ ಚೀಲ, ತರಬೇತಿ, ಪರವಾನಗಿ ಎಲ್ಲ ಸೇರಿ 750 ಡಾಲರ್ ಆಗಿರಬೇಕು. ಟೆಂಟ್ 900 ಗ್ರಾಂ ದಾಟಬಾರದು ಎಂದು ದುಬಾರಿಯದನ್ನೇ ಕೊಂಡಿದ್ದೆ. ಅಲ್ಲಿ ಉಳಿಸಿದ ತೂಕವೆಲ್ಲ ಇಲ್ಲಿಗೆ ಹೋಯಿತು.

ಸೊಂಟದಲ್ಲಿ ಕಟ್ಟಿದರೆ ಬ್ಯಾಗಿನ ಬೆಲ್ಟ್ ಅದರ ಮೇಲೇ ಕೂರುತ್ತದೆ. ಎದೆಗೆ ತಂದೆ, ಮೂರನೇ ದಿನಕ್ಕೆ ಕತ್ತಿನ ಮೂಳೆ ಉರಿಯತೊಡಗಿತು. ಬ್ಯಾಗಿನೊಳಗೆ ಇಟ್ಟೆ. ಒಂದು ಸಂಜೆ ಗಡಿಯಾರ ಹಿಡಿದು ನೋಡಿದರೆ ಹೊರತೆಗೆಯಲು 40 ಸೆಕೆಂಡ್ ಬೇಕಾಯಿತು. ಬೆವರು, ಮಳೆ. ದಿನಾ ಎಣ್ಣೆ ಒರೆಸಿದರೂ ಎರಡನೇ ವಾರಕ್ಕೆ ತುಕ್ಕಿನ ಚುಕ್ಕಿ ಬಂತು. ರಾತ್ರಿ ಶೆಲ್ಟರಿನಲ್ಲಿ, ಅಂದರೆ ಎಲ್ಲರೂ ಒಟ್ಟಿಗೆ ಮಲಗುವ ದಾರಿಬದಿಯ ತಂಗುದಾಣದಲ್ಲಿ, ಎಂಟು ಜನ ಅಪರಿಚಿತರು, ಒಬ್ಬರ ಜೊತೆ ಮಕ್ಕಳು. ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿದೆ. ಕೋವಿ ಮನೆಯಲ್ಲಿ ಬೆಳೆದವನಿಗೆ ಅದರ ಜವಾಬ್ದಾರಿ ಗೊತ್ತು, ನಿದ್ದೆ ಹತ್ತಲಿಲ್ಲ.

ಊರಿಗಿಳಿದಾಗ ಇನ್ನೂ ಕಷ್ಟ. ಊಟದ ಪೆಟ್ಟಿಗೆಯನ್ನು ಅಂಚೆ ಕಚೇರಿಗೆ ಕಳಿಸಿಕೊಂಡಿದ್ದೆ. ಅಂಚೆ ಕಚೇರಿ ಫೆಡರಲ್ ಜಾಗ, ಆಗ ಬಂದೂಕು ಒಳಗೆ ತರುವಂತಿರಲಿಲ್ಲ. ಹೊರಗೆ ಯಾರ ಕೈಗೆ ಕೊಡಲಿ? ಪೆಟ್ಟಿಗೆ ಅಲ್ಲೇ ಬಿಟ್ಟು ಅಂಗಡಿಯಲ್ಲಿ 60 ಡಾಲರ್‌ಗೆ ಮತ್ತೆ ಸಾಮಾನು ಕೊಂಡೆ. ಪಿಸ್ತೂಲನ್ನೇ ಮನೆಗೆ ಕಳಿಸೋಣ ಎಂದರೆ ಆಗ ಅದನ್ನು ಅಂಚೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಟ್ರೇಲ್ ನಡೆಯುವವರು ತಂಗುವ ಒಂದು ಹಾಸ್ಟೆಲಿನಲ್ಲಿ ಪಿಸ್ತೂಲಿನಿಂದಾಗಿ ಹಾಸಿಗೆಯೂ ಸಿಗಲಿಲ್ಲ.

ಸ್ಮೋಕಿ ಬೆಟ್ಟಗಳಿಗೆ ಎರಡು ದಿನ ಮೊದಲು ಕರಡಿ ಬಂತು. ಊಟದ ಚೀಲವನ್ನು ಕೊಂಬೆಗೆ ತೂಗುಹಾಕಿದ್ದೆ, ಕೊಂಬೆ ತಗ್ಗಾಗಿತ್ತು. ತಲೆದೀಪದ ಬೆಳಕಿನಲ್ಲಿ ಅದು ಚೀಲ ಎಳೆದುಕೊಂಡು ಹೋಗುವುದನ್ನು ಪಿಸ್ತೂಲು ಹಿಡಿದು ನೋಡುತ್ತಾ ಕೂತೆ. ಕತ್ತಲು, ಆಚೆ ಬೇರೆಯವರ ಟೆಂಟ್, ಗುಂಡು ಹಾರಿಸುವ ಪ್ರಶ್ನೆಯೇ ಇಲ್ಲ. ಐದು ದಿನದ ಊಟ ಹೋಯಿತು. ಜಾರ್ಜಿಯಾದ ಬ್ಲಡ್ ಮೌಂಟನ್ ಹತ್ತಿರ ಆಗ ಮಾರ್ಚ್ 1ರಿಂದ ಜೂನ್ 1ರವರೆಗೆ ರಾತ್ರಿ ತಂಗುವವರಿಗೆ ಕರಡಿ ಡಬ್ಬಿ, ಅಂದರೆ ಕರಡಿ ತೆರೆಯಲಾಗದ ಗಟ್ಟಿ ಊಟದ ಡಬ್ಬಿ, ಕಡ್ಡಾಯವಿತ್ತು. ಡಬ್ಬಿ ಭಾರ ಎಂದು ಆ ತುಂಡನ್ನು ಹಗಲಲ್ಲೇ ದಾಟಿದ್ದೆ. ಒಂದು ಕಿಲೋ ಡಬ್ಬಿ ಬಿಟ್ಟು 850 ಗ್ರಾಂ ಪಿಸ್ತೂಲು ಹೊತ್ತದ್ದು ನನ್ನ ದೊಡ್ಡ ತಪ್ಪು.

ಹಾಟ್ ಸ್ಪ್ರಿಂಗ್ಸ್‌ಗೆ ಹೆಂಡತಿ ಕಾರು ತಂದಳು, ಪಿಸ್ತೂಲು ಮನೆಗೆ ಹೋಯಿತು. 380 ಡಾಲರ್‌ಗೆ ಮಾರಿದೆ. ಇಟ್ಟುಕೊಂಡಿದ್ದರೂ ಮುಂದೆ ದಾರಿ ಇರಲಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರಿಂದ ಆಯಾ ರಾಜ್ಯದ ಕಾನೂನಿನ ಪ್ರಕಾರ ಒಯ್ಯಬಹುದು, ನಿಜ. ಆದರೆ ನನ್ನ ನಾರ್ತ್ ಕ್ಯಾರೊಲಿನಾ ಪರವಾನಗಿ ಮೇರಿಲ್ಯಾಂಡ್, ನ್ಯೂಜೆರ್ಸಿ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ನಲ್ಲಿ ನಡೆಯುವುದಿಲ್ಲ. ಕಾರಿನವರು ಡಿಕ್ಕಿಯಲ್ಲಿ ಬೀಗ ಹಾಕಿ ದಾಟಬಹುದು, ನಡೆಯುವವನಿಗೆ ಡಿಕ್ಕಿ ಎಲ್ಲಿ?

2019ರ ಮೇ ತಿಂಗಳಲ್ಲಿ ವರ್ಜೀನಿಯಾದಲ್ಲಿ ಟ್ರೇಲ್ ಮೇಲೇ ಒಬ್ಬರ ಕೊಲೆಯಾಯಿತು, ಚಾಕುವಿನಿಂದ. ನಾನು ಮತ್ತೆ ಹೊರಡಲು ಕೆಲವೇ ದಿನ ಇತ್ತು. ಅಣ್ಣ ರಾತ್ರಿ ಎರಡು ಸಲ ಫೋನ್ ಮಾಡಿದರು. ಒಂದು ವಾರ ನಾನೂ ಯೋಚಿಸಿದೆ. ಆ ಭಯ ಸುಮ್ನೆ ಅಲ್ಲ. ಆದರೆ ಮಲಗಿರುವವನಿಗೆ ಪಿಸ್ತೂಲು ಏನು ಮಾಡುತ್ತದೆ? ಎಲ್ಲಿ ಮಲಗುತ್ತೇನೆ ಅನ್ನುವುದನ್ನೇ ಬದಲಾಯಿಸಿದೆ.

ಸಂಜೆ ಐದಕ್ಕೆ ನೀರಿನ ಹತ್ತಿರ ಅಡುಗೆ, ಊಟ. ಪಾತ್ರೆ ತೊಳೆದು ಇನ್ನೂ ನಾಲ್ಕೈದು ಕಿ.ಮೀ. ನಡಿಗೆ. ಮಲಗುವ ಜಾಗದಲ್ಲಿ ಒಲೆ ಹಚ್ಚುವುದೇ ಇಲ್ಲ. ರಸ್ತೆಯಿಂದ ಕನಿಷ್ಠ ಎರಡು ಕಿ.ಮೀ. ದೂರ. ದಾರಿಯಲ್ಲಿ ಯಾರಾದರೂ ಇವತ್ತು ಎಲ್ಲಿ ತಂಗುತ್ತೀರಿ ಎಂದರೆ, ಹಿಂದೆ ಬರುತ್ತಿರುವ ಗೆಳೆಯನನ್ನು ಕೇಳಿ ನೋಡಬೇಕು ಎನ್ನುತ್ತೇನೆ. ಕರಡಿ ಡಬ್ಬಿಗೆ 80 ಡಾಲರ್ ಕೊಟ್ಟೆ. ಟೆಂಟಿನಿಂದ 60 ಹೆಜ್ಜೆ ದೂರ ಇಡುತ್ತೇನೆ. ಜಾಗ ಆರಿಸಲು ಎರಡು ಗುರುತು ನೋಡುತ್ತೇನೆ. ಒಂದು, ಓಕ್ ಕಾಯಿ ಉದುರಿದ ಕಡೆ ಟೆಂಟ್ ಬೇಡ, ಅದು ಕರಡಿಯ ಊಟದ ಜಾಗ. ಇನ್ನೊಂದು ನನ್ನ ಹತ್ತಿರವೇ ಇರಲಿ, ಅದನ್ನು ಕಲಿಯಲು ಎರಡು ಸೀಸನ್ ಹಿಡಿಯಿತು.

ಆಮೇಲೆ ಹತ್ತು ಹನ್ನೊಂದು ಕರಡಿ ನೋಡಿದೆ. ಒಂದೂ ಊಟ ಮುಟ್ಟಲಿಲ್ಲ. ವರ್ಜೀನಿಯಾದ ಶೆನಾಂಡೋವಾ ಉದ್ಯಾನದಲ್ಲಿ ಎರಡು ಮರಿಗಳ ತಾಯಿ 20 ಮೀಟರ್ ದೂರದಲ್ಲಿ ನಿಂತಿತ್ತು. ಗದ್ದೆಗೆ ಬಂದ ಹೋರಿ ಅಟ್ಟುವ ಹಾಗೆ ಹೋ ಹೋ ಎಂದು ಕೂಗುತ್ತಾ ಮೆಲ್ಲಗೆ ಹಿಂದೆ ಸರಿದೆ. ಅದು ಮರಿಗಳನ್ನು ಕರೆದುಕೊಂಡು ಇಳಿದು ಹೋಯಿತು.

ಇಲಿಗಳ ಮೇಲೂ ಒಂದು ಪ್ರಯೋಗ ಮಾಡಿದೆ. ಊರಿಂದ ತಂದ ಸೂಜಿಮೆಣಸು ಪುಡಿ ಮಾಡಿ ಶೆಲ್ಟರಿನಲ್ಲಿ ಬ್ಯಾಗಿನ ಸುತ್ತ ಉದುರಿಸಿದೆ. ಇಲಿ ಅದರ ಮೇಲೇ ನಡೆದು ಬಂದು ಬ್ಯಾಗಿನ ಜೇಬು ಕಡಿಯಿತು. ಉಣುಗಿನ ಪ್ರಯೋಗ ಚೆನ್ನಾಗಿ ಬಂತು. ಎಡಗಾಲಿನ ಸಾಕ್ಸ್‌ಗೆ ಮಾತ್ರ ಪರ್ಮೆಥ್ರಿನ್ ಎಂಬ ಕೀಟನಾಶಕ ಹೊಡೆದು ಒಂದು ವಾರ ನಡೆದೆ. ಬಲಗಾಲಿನಲ್ಲಿ ಹದಿನಾಲ್ಕೋ ಹದಿನೈದೋ ಉಣುಗು ಸಿಕ್ಕವು, ಎಡದಲ್ಲಿ ಎರಡು. ಆದರೆ ಆ ಬಲಗಾಲಿನಿಂದಲೇ ಪೆನ್ಸಿಲ್ವೇನಿಯಾದಲ್ಲಿ ಉಣುಗು ಕಚ್ಚಿ ಬರುವ ಲೈಮ್ ರೋಗ ಹತ್ತಿತು. ಕ್ಲಿನಿಕ್ಕು, ಡಾಕ್ಸಿಸೈಕ್ಲಿನ್ ಸೇರಿ 240 ಡಾಲರ್, ಮೂರು ವಾರ ಮನೆಯಲ್ಲಿ. ಐದು ಸೀಸನ್‌ಗಳಲ್ಲಿ ನನ್ನನ್ನು ದಾರಿಯಿಂದ ಇಳಿಸಿದ್ದು ಆ ಒಂದು ಹುಳ.

2020ರ ನವೆಂಬರ್‌ನಲ್ಲಿ ದಕ್ಷಿಣ ವರ್ಜೀನಿಯಾದಲ್ಲಿದ್ದೆ, ಜಿಂಕೆ ಬೇಟೆಯ ಕಾಲ. ಬೆಳಿಗ್ಗೆ ಕಣಿವೆಯಿಂದ ಈಡಿನ ಸದ್ದು ಬರುತ್ತಿತ್ತು. 12 ಡಾಲರ್‌ನ ಕಿತ್ತಳೆ ಟೋಪಿ ಹಾಕಿ, ಬ್ಯಾಗಿಗೂ ಕಿತ್ತಳೆ ಬಟ್ಟೆ ಕಟ್ಟಿ ನಡೆದೆ. ಆ ಕಾಲದಲ್ಲಿ ಹೊರಡುವವರು ಇದನ್ನು ಮಾತ್ರ ಮರೆಯಬೇಡಿ. ಕಂದು ಜಾಕೆಟ್ ಅಂತೂ ಬೇಡವೇ ಬೇಡ, ಬೇಟೆಗಾರರು ಜಿಂಕೆ ಎಂದುಕೊಂಡಾರು.