ಚಮಚ ಬೇಡ ಅನ್ನುವ ಕೂಸಿಗೆ ಇಡ್ಲಿ ಕಡ್ಡಿ

ಮೊನ್ನೆ ಪಕ್ಕದ ಮನೆಗೆ ಹೋಗಿದ್ದೆ. ಏಳು ತಿಂಗಳ ಕೂಸು. ಎದುರಿಗೆ ಮೊಬೈಲ್ ನಿಲ್ಲಿಸಿದ್ದಾರೆ. ಹಾಡು ನೋಡುತ್ತಾ ಅದು ಬಾಯಿ ಬಿಟ್ಟ ತಕ್ಷಣ ಅಮ್ಮ ಚಮಚ ತುರುಕುತ್ತಾಳೆ. ಕೂಸು ಪುರ್ ಅಂತ ಉಗಿಯುತ್ತದೆ. ಚಮಚ ತಳ್ಳದ ಹಾಗೆ ಅಜ್ಜಿ ಅದರ ಎರಡೂ ಕೈ ಹಿಡಿದುಕೊಂಡಿದ್ದಾರೆ. ನನಗೆ ತಡೆಯಲಾಗಲಿಲ್ಲ. ಆ ಕೈ ಬಿಡ್ರಮ್ಮ ಅಂದೆ. ನಾಳೆ ಉಣ್ಣಬೇಕಾದದ್ದು ಆ ಕೈಯೇ ಅಲ್ವಾ?

ಚಮಚ ಬೇಡ ಅಂದ ಮಾತ್ರಕ್ಕೆ ಮಗುವಿಗೆ ಊಟವೇ ಬೇಡ ಅಂತಲ್ಲ. ನನ್ನ ಎರಡನೇ ಮಗ ಹೀಗೇ ಇದ್ದ. ಆಗ ಮನೆಮನೆಯಲ್ಲೂ ಒಳಲೆ, ಅಂದರೆ ಮಗುವಿಗೆ ಕುಡಿಸುವ ಮೂತಿ ಇರುವ ಪುಟ್ಟ ಬಟ್ಟಲು, ಇರುತ್ತಿತ್ತು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಕೆನ್ನೆ ಒತ್ತಿ ರಾಗಿ ಸರಿ ಸುರಿಯುವುದು. ಅವನು ಅಳುವಾಗಲೂ ಸುರಿಯುತ್ತಿದ್ದೆವು. ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಶ್ವಾಸಕ್ಕೆ ಹೋಗಿದ್ದರೆ ಏನು ಗತಿ? ಒಂದು ದಿನ ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ಉಣ್ಣುತ್ತಿದ್ದೆ. ನನ್ನ ತಟ್ಟೆಯಿಂದ ಸೀಮೆಬದನೆ ಹೋಳು ಕಿತ್ತು ಬಾಯಿಗಿಟ್ಟ. ಬರೀ ವಸಡಲ್ಲೇ ಅರೆದು ನುಂಗಿದ. ನಮ್ಮ ಅತ್ತೆ ನೋಡುತ್ತಾ ಕೂತಿದ್ದರು. "ನಾಳೆಯಿಂದ ಅವನ ಪಾಲು ಬೇರೆ ಬೇಯಿಸೇ, ಉಪ್ಪು ಖಾರ ಹಾಕಬೇಡ" ಅಂದರು. ಒಳಲೆ ಅವತ್ತೇ ಗೂಡು ಸೇರಿತು.

ಮಗು ಹೀಗೆ ತಾನೇ ಕೈಯಲ್ಲಿ ತಿನ್ನಬೇಕಾದರೆ ಆರು ತಿಂಗಳು ತುಂಬಿರಬೇಕು. ಕತ್ತು ಗಟ್ಟಿಯಾಗಿ ನಿಂತಿರಬೇಕು, ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂರಬೇಕು. ಒರಗಿಸಿಕೊಂಡು ಕೊಡಲೇಬೇಡಿ. ವರ್ಷ ತುಂಬುವ ತನಕ ಎದೆಹಾಲೇ ಮುಖ್ಯ, ಹಾಗಾಗಿ ಎರಡು ತುತ್ತು ತಿಂದಿತು ಅಂತ ಹಾಲು ಬಿಡಿಸಬೇಡಿ. ಉಪ್ಪು, ಸಕ್ಕರೆ, ಬೆಲ್ಲ ಈಗ ಬೇಡ. ಜೇನುತುಪ್ಪವನ್ನಂತೂ ವರ್ಷದೊಳಗೆ ನಾಲಿಗೆಗೂ ಮುಟ್ಟಿಸಬೇಡಿ. ನಮ್ಮ ಕಾಲದಲ್ಲಿ ನೆಕ್ಕಿಸುತ್ತಿದ್ದೆವು, ಅದು ತಪ್ಪು. ಜೇನಿನಲ್ಲಿ ಕೆಲವು ಸಲ ಇರುವ ಒಂದು ಬ್ಯಾಕ್ಟೀರಿಯಾ ಎಳೆ ಕರುಳಲ್ಲಿ ಬೆಳೆದು ವಿಷ ಮಾಡುತ್ತದೆ.

ಈಗಿನವರು ಮಾಡುವ ದೊಡ್ಡ ತಪ್ಪು, ಎಲ್ಲವನ್ನೂ ಸಣ್ಣಗೆ ಹೆಚ್ಚುವುದು. ಆರು ತಿಂಗಳ ಕೂಸಿಗೆ ಚೂರು ಹೆಕ್ಕಲು ಬರುವುದಿಲ್ಲ. ಅದು ಇಡೀ ಮುಷ್ಟಿಯಲ್ಲಿ ಹಿಡಿಯುತ್ತದೆ. ಮುಷ್ಟಿಯೊಳಗಿನದು ಅದಕ್ಕೆ ಸಿಗುವುದಿಲ್ಲ, ಮೇಲೆ ಚಾಚಿಕೊಂಡದ್ದನ್ನು ಮಾತ್ರ ಕಚ್ಚುತ್ತದೆ. ಅದಕ್ಕೇ ನಿಮ್ಮ ಬೆರಳಿನಷ್ಟು ಉದ್ದ ಇರಬೇಕು. ಸಿಹಿಗೆಣಸು, ಕುಂಬಳಕಾಯಿ, ಕ್ಯಾರೆಟ್ ಎಲ್ಲಾ ಹಬೆಯಲ್ಲಿ ಬೇಯಲಿ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಹಿಸುಕಿಹೋಗಬೇಕು, ಅಷ್ಟು ಮೆತ್ತಗೆ.

ಇನ್ನು ನನ್ನ ಇಡ್ಲಿ ಕಡ್ಡಿ. ಬಿಸಿ ಇಡ್ಲಿ ಮುರಿದು ಕೊಡುತ್ತಾರೆ, ಅದು ಅಂಗುಳಕ್ಕೆ ಅಂಟಿಕೊಂಡು ಮಗು ಒದ್ದಾಡುತ್ತದೆ. ಇಲ್ಲವಾದರೆ ಕೈಯಲ್ಲೇ ಪುಡಿಯಾಗುತ್ತದೆ. ಇದಕ್ಕೆ ರವೆ ಇಡ್ಲಿ ಆಗದು. ಅಕ್ಕಿಯನ್ನೂ ನುಣ್ಣಗೆ ರುಬ್ಬಿ, ಉದ್ದು ಒಂದು ಹಿಡಿ ಜಾಸ್ತಿ ಹಾಕಿ. ಹಿಟ್ಟು ಉಬ್ಬಿದ ಮೇಲೆ, ಉಪ್ಪು ಹಾಕುವ ಮೊದಲೇ, ಮಗುವಿನ ಪಾಲಿನ ಹಿಟ್ಟು ಒಂದು ಸೌಟು ತೆಗೆದಿಡಿ. ಸೋಡಾ ಬೇಡವೇ ಬೇಡ. ಅಂಚಿರುವ ಸಣ್ಣ ತಟ್ಟೆಗೆ ಹೆಬ್ಬೆರಳ ದಪ್ಪಕ್ಕೆ ಹುಯ್ದು ಹಬೆಯಲ್ಲಿ ಬೇಯಿಸಿ. ಬೆಂದ ಮೇಲೆ ಮುಟ್ಟಬೇಡಿ. ಒದ್ದೆ ಬಟ್ಟೆ ಮುಚ್ಚಿ ಪೂರ್ತಿ ಆರಲು ಬಿಡಿ. ಕೊಯ್ಯುವುದಕ್ಕೆ ಚಾಕು ಬೇಡ, ಅದು ಇಡ್ಲಿಯನ್ನು ಅದುಮಿ ಅಂಚು ಒಡೆಯುತ್ತದೆ. ತೊಳೆದ ಹೊಸ ಹತ್ತಿ ನೂಲು ತೆಗೆದುಕೊಳ್ಳಿ. ಇಡ್ಲಿಯ ಅಡಿಯಲ್ಲಿ ಸರಿಸಿ, ಎರಡು ತುದಿ ಮೇಲೆ ತಂದು, ಒಂದರ ಮೇಲೊಂದು ದಾಟಿಸಿ ಎಳೆಯಿರಿ. ಸರಕ್ ಅಂತ ಕೊಯ್ಯುತ್ತದೆ, ಅಂಚು ಗಾಜಿನ ಹಾಗೆ ನಯ. ಆಮೇಲೆ ಕಬ್ಬಿಣದ ಹಂಚಿಗೆ ತುಪ್ಪ ಸವರಿ, ಸಣ್ಣ ಉರಿಯಲ್ಲಿ ನಾಲ್ಕೂ ಮಗ್ಗುಲು ತಿರುಗಿಸಿ. ಕೆಂಪಾಗಬಾರದು, ಗರಿಯಾಗಬಾರದು. ತೆಳ್ಳಗೆ ಚರ್ಮ ಕಟ್ಟಿದರೆ ಸಾಕು. ಹೊರಗೆ ಹಿಡಿತ ಸಿಗುತ್ತದೆ, ಒಳಗೆ ಹತ್ತಿ. ನಮ್ಮ ಸೊಸೆ ಮೊದಲು "ಇಷ್ಟೆಲ್ಲಾ ಯಾಕೆ ಅತ್ತೆ, ಚಾಕು ಇದೆಯಲ್ಲ" ಅಂದಳು. ಮೊಮ್ಮಗಳು ಒಂದೂ ಚೂರು ಉದುರಿಸದೆ ಕಡ್ಡಿ ಪೂರ್ತಿ ತಿಂದದ್ದು ನೋಡಿ ಅವಳೇ ನೂಲುಂಡೆ ತಂದಿಟ್ಟಳು.

ಬರೀ ಇಡ್ಲಿ, ಬಾಳೆಹಣ್ಣಿನಲ್ಲಿ ನಿಲ್ಲಿಸಬೇಡಿ. ಹುಟ್ಟುವಾಗ ತಂದ ಕಬ್ಬಿಣಾಂಶ ಆರು ತಿಂಗಳ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ. ಗಟ್ಟಿ ತೊವ್ವೆ ಮಾಡಿ ಕಡ್ಡಿಯನ್ನು ಅದರಲ್ಲಿ ಅದ್ದಿ ಕೊಡಿ. ಮೊಟ್ಟೆ ತಿನ್ನುವ ಮನೆಯಾದರೆ ಪೂರ್ತಿ ಬೇಯಿಸಿ ಉದ್ದಕ್ಕೆ ಸೀಳಿ ಕೊಡಿ. ಹೊಸದನ್ನು ಒಂದೊಂದಾಗಿ ಕೊಡಿ, ಮೈಮೇಲೆ ದದ್ದು ಎದ್ದರೆ ಯಾವುದರಿಂದ ಅಂತ ತಿಳಿಯಬೇಕಲ್ಲ.

ತೊವ್ವೆ ಅಂದರೆ ಅಂಗಿಗೆ ಅರಿಶಿನ ಕಲೆ ಆಗಿಯೇ ಆಗುತ್ತದೆ. ಸೋಪು ಹಚ್ಚಿದರೆ ಅದು ಕೆಂಪಾಗುತ್ತದೆ, ಗಾಬರಿ ಬೇಡ. ಒಗೆದು ಬಿರುಬಿಸಿಲಿಗೆ ಹಾಕಿ, ಸಂಜೆಗೆ ಕಲೆ ಹೋಗಿರುತ್ತದೆ. ಬ್ರಷ್ ಹಾಕಿ ಉಜ್ಜಿ ಬಟ್ಟೆ ಹರಿಯುವುದೆಲ್ಲಾ ಸುಮ್ನೆ. ಮಗುವಿನ ಮುಖವನ್ನೂ ತುತ್ತು ತುತ್ತಿಗೆ ಒರೆಸಬೇಡಿ, ಊಟ ಅಂದರೇ ಬೇಜಾರು ಬಂದುಬಿಡುತ್ತದೆ.

ಮೊದಮೊದಲು ಮಗು ಓಕರಿಸುತ್ತದೆ. ಮುಖ ಕೆಂಪಾಗುತ್ತದೆ, ಸದ್ದು ಮಾಡುತ್ತದೆ, ತಾನೇ ಉಗಿಯುತ್ತದೆ. ಆಗ ಬಾಯಿಗೆ ಬೆರಳು ಹಾಕಬೇಡಿ, ತುತ್ತು ಇನ್ನೂ ಒಳಗೆ ಹೋಗುತ್ತದೆ. ಸದ್ದೇ ಇಲ್ಲದೆ, ಕೆಮ್ಮಲಾಗದೆ ಒದ್ದಾಡಿದರೆ ಅಥವಾ ತುಟಿ ನೀಲಿಯಾದರೆ ಗಂಟಲಿಗೆ ಸಿಕ್ಕಿದೆ ಅಂತ ಅರ್ಥ. ತಕ್ಷಣ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರಲಿ, ಅಂಗೈ ಬುಡದಿಂದ ಹೆಗಲುಗಳ ನಡುವೆ 5 ಸಲ ತಟ್ಟಿ. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಒಂದು ಅಂಗೈ ಬುಡದಿಂದ 5 ಸಲ ಒತ್ತಿ. ಬರುವ ತನಕ ಹೀಗೇ ಒಂದಾದ ಮೇಲೊಂದು ಮಾಡುತ್ತಿರಿ, ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ. ಮನೆಯಲ್ಲಿ ಎಲ್ಲರೂ ಇದನ್ನು ಡಾಕ್ಟರ ಹತ್ತಿರ ಮೊದಲೇ ಕಲಿತಿರಿ. ಊಟದ ಹೊತ್ತಲ್ಲಿ ಮಗುವಿನ ಎದುರು ಒಬ್ಬರು ಕೂತೇ ಇರಬೇಕು. ಇಡೀ ದ್ರಾಕ್ಷಿ, ಕಡಲೆಬೀಜ, ಹಸಿ ಕ್ಯಾರೆಟ್, ಕೊಬ್ಬರಿ ಚೂರು, ಪಾಪ್‌ಕಾರ್ನ್ ಹತ್ತಿರ ಸುಳಿಯಬಾರದು.

ಮೊದಲ ವಾರ ತಿನ್ನುವುದಕ್ಕಿಂತ ಚೆಲ್ಲುವುದೇ ಜಾಸ್ತಿ. ಹಳೇ ಸೀರೆ ಹಾಸಿ, ತಾಳ್ಮೆಯಿಂದಿರಿ. ಒಂಬತ್ತು ತಿಂಗಳ ಸುಮಾರಿಗೆ ಹೆಬ್ಬೆರಳು ತೋರುಬೆರಳು ಕೂಡಿಸಿ ಚಿಮಟದ ಹಾಗೆ ಹೆಕ್ಕಲು ಕಲಿಯುತ್ತದೆ. ಸಣ್ಣ ಚೂರಿಗೆ ಆಗ ಕಾಲ. ಚಳಿಗಾಲವಾಗಿದ್ದರೆ ಅವರೆಕಾಳು ನೆನೆಸಿ, ಹಿತುಕಿ ಸಿಪ್ಪೆ ತೆಗೆದು, ಬೆಣ್ಣೆಯ ಹಾಗೆ ಬೇಯಿಸಿ, ಒಂದೊಂದನ್ನೂ ಬೆರಳಲ್ಲಿ ಚಪ್ಪಟೆ ಮಾಡಿ ತಟ್ಟೆಯಲ್ಲಿ ಹರಡಿ. ನಮ್ಮ ಮೊಮ್ಮಗಳು ಅದನ್ನು ಒಂದೊಂದಾಗಿ ಹೆಕ್ಕಿ, ಬಾಯಿಗಿಡುವ ಮೊದಲು ಪ್ರತಿಯೊಂದನ್ನೂ ನನಗೆ ತೋರಿಸುತ್ತಿದ್ದಳು.