ಎಷ್ಟು ಕೇಳಿದರೂ ಹಳತಾಗದ ಹಾಡು: ನಾನು ಬಿಚ್ಚಿ ನೋಡಿದ್ದು

ಕೆಲವು ಹಾಡುಗಳು ಒಂದು ವಾರ ಬಾಯಲ್ಲೇ ಇರುತ್ತವೆ. ಆಮೇಲೆ ಯಾರಾದರೂ ಹಾಕಿದರೆ ‘ಅಯ್ಯೋ, ಮತ್ತೆ ಇದೇನಾ’ ಅನ್ನಿಸುತ್ತದೆ. ಇನ್ನು ಕೆಲವು ಹಾಗಲ್ಲ. ವರ್ಷಗಟ್ಟಲೆ ಕೇಳಿದರೂ ಅದೇ ಜಾಗದಲ್ಲಿ ಗಂಟಲು ಕಟ್ಟುತ್ತದೆ. ನಾನು ಹಾಡುಗಾರನಲ್ಲ, ಸ್ವಲ್ಪ ಕೀಬೋರ್ಡ್ ನುಡಿಸುತ್ತೇನೆ ಅಷ್ಟೇ. ಆದರೆ ಈ ಎರಡನೇ ಜಾತಿಯ ಹಾಡುಗಳನ್ನು ಬಿಚ್ಚಿ ನೋಡುವ ಹುಚ್ಚು ಹಿಡಿದು ಬಹಳ ಕಾಲವಾಯಿತು.

‘ಅದೇ ಜಾಗದಲ್ಲಿ’ ಅಂದೆನಲ್ಲ, ನನ್ನ ಕೆಲಸ ಶುರುವಾಗುವುದು ಅಲ್ಲಿಂದಲೇ. ಇಡೀ ಹಾಡು ನಮ್ಮನ್ನು ಹಿಡಿದಿಡುತ್ತದೆ ಅನ್ನಿಸಿದರೂ, ಗಮನ ಇಟ್ಟು ಕೇಳಿದರೆ ಮೈ ಜುಮ್ಮೆನ್ನುವುದು ಎಲ್ಲೋ ಒಂದೆರಡು ಕಡೆ ಮಾತ್ರ. ಆ ನಿಮಿಷ, ಸೆಕೆಂಡನ್ನು ಫೋನಿನಲ್ಲಿ ಬರೆದಿಡುತ್ತೇನೆ. ಇನ್ನೊಂದು ದಿನ, ಬೇರೆ ಮೂಡಿನಲ್ಲಿ, ಹಳೇ ಗುರುತು ನೋಡದೆ ಮತ್ತೆ ಕೇಳಿ ಬರೆಯುತ್ತೇನೆ. ಎರಡೂ ಒಂದೇ ಕಡೆ ಬಿದ್ದರೆ ಅದು ಹಾಡಿನ ಗುಣ. ಗುರುತು ಅಲ್ಲಿಲ್ಲಿ ಓಡಾಡುತ್ತಿದ್ದರೆ ಹಾಡಿನ ಹಿಂದೆ ನನ್ನದೇ ಯಾವುದೋ ನೆನಪು ಕೂತಿದೆ ಎಂದರ್ಥ. ಅಂಥವನ್ನು ಬೇರೆ ಇಡುತ್ತೇನೆ. ಅವು ಕಡಿಮೆ ಅಂತಲ್ಲ. ಆದರೆ ಬೇರೆಯವರಿಗೆ ಕೇಳಿಸಿದರೆ ಅವರು ಸುಮ್ನೆ ನನ್ನ ಮುಖ ನೋಡುತ್ತಾರೆ.

ಜಾಗ ಗೊತ್ತಾದ ಮೇಲೆ ಹಾಡಿನ ವೇಗವನ್ನು ಅರ್ಧಕ್ಕೆ ಇಳಿಸಿ ಕೀಬೋರ್ಡ್ ಮುಂದೆ ಕೂರುತ್ತೇನೆ. ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರಗಳ ಗುಂಪು), ಬಲಗೈಯಲ್ಲಿ ಹಾಡುವವರ ಸ್ವರ. ಒಂದು ಸಂಗತಿ ಹಾಡಿನಿಂದ ಹಾಡಿಗೆ ಸಿಗುತ್ತಲೇ ಹೋಯಿತು. ದನಿ ತಾನು ಸೇರಬೇಕಾದ ಸ್ವರಕ್ಕೆ ನೇರವಾಗಿ ಹೋಗುವುದಿಲ್ಲ. ಪಕ್ಕದ ಸ್ವರದ ಮೇಲೆ ಒರಗುತ್ತದೆ. ಆ ಸ್ವರ ಕೆಳಗಿನ ಕಾರ್ಡ್ ಜೊತೆ ಹೊಂದುವುದಿಲ್ಲ, ಒಂಚೂರು ಕುಟುಕುತ್ತದೆ. ಅಲ್ಲೇ ಒಂದು ಗಳಿಗೆ ನಿಂತು, ಆಮೇಲೆ ಇಳಿದು ನೆಲೆ ಸೇರುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ಅಪೋಜಿಯತೂರ ಎನ್ನುತ್ತಾರೆ. ಸಂಗೀತ ಮನಶ್ಶಾಸ್ತ್ರಜ್ಞ ಜಾನ್ ಸ್ಲೊಬೊಡಾ ಯಾವ ಸಂಗೀತದ ಯಾವ ಜಾಗದಲ್ಲಿ ಅಳು ಬರುತ್ತದೆ, ಎಲ್ಲಿ ಮೈ ಜುಮ್ಮೆನ್ನುತ್ತದೆ ಎಂದು ಕೇಳುಗರನ್ನೇ ಕೇಳಿ, 1991ರಲ್ಲಿ ಅದನ್ನು ಪ್ರಕಟಿಸಿದರು. ಅಳು ತರಿಸಿದ ಜಾಗಗಳಲ್ಲಿ ಈ ಒರಗುವ ಸ್ವರ ಜಾಸ್ತಿ ಇತ್ತು. ಮೈ ಜುಮ್ಮೆನ್ನಿಸಿದ ಕಡೆ, ಯಾರೂ ಎದುರು ನೋಡದ ಕಾರ್ಡ್ ಬಂದಿತ್ತು. ನನ್ನ ಪಟ್ಟಿಯೂ ಹೆಚ್ಚುಕಡಿಮೆ ಹೀಗೇ ಎರಡು ಪಾಲಾಗುತ್ತದೆ.

ತಂಬೂರಿಯ ಶ್ರುತಿಗೆ ಹಾಡುವ ಸಂಗೀತದಲ್ಲಿ ಕಾರ್ಡ್ ಇಲ್ಲ. ಅಲ್ಲಿ ಈ ಕೆಲಸಕ್ಕೆ ಷಡ್ಜ, ಅಂದರೆ ‘ಸ’ ಸ್ವರವೊಂದೇ ಸಾಕು. ಹಾಡುವವರು ನಿಷಾದದಲ್ಲಿ (‘ನಿ’) ನಿಂತೇ ನಿಂತರೆ, ಮೇಲಿನ ಷಡ್ಜ ಬರುವ ತನಕ ನಾವೂ ಉಸಿರು ಬಿಡುವುದಿಲ್ಲ, ಅಲ್ವಾ?

ನನಗೆ ಜಾಸ್ತಿ ಕಲಿಸಿದ್ದು ಇದರ ಮುಂದಿನ ಪ್ರಯೋಗ. ಆ ಜಾಗವನ್ನಷ್ಟೇ ಕತ್ತರಿಸಿ ಕೇಳಿದೆ. ಏನೂ ಆಗಲಿಲ್ಲ. ಅದೇ ಸ್ವರ, ಅದೇ ದನಿ, ಆದರೆ ಸಪ್ಪೆ. ಅದರ ಹಿಂದಿನ ಚರಣವನ್ನು ಸೇರಿಸಿಕೊಂಡಾಗ ಅರ್ಧಂಬರ್ಧ. ಮೊದಲಿನಿಂದ ಕೇಳಿದಾಗ ಮಾತ್ರ ಪೂರ್ತಿ. ಬೇರೆ ಹಾಡುಗಳಲ್ಲೂ ಹೀಗೇ ಆಯಿತು. ಮಾಂಟ್ರಿಯಲ್‌ನಲ್ಲಿ ವ್ಯಾಲೊರಿ ಸಲೀಂಪೂರ್ ಮತ್ತು ರಾಬರ್ಟ್ ಝಟೋರೆ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಕಾರಣ ಹೇಳುತ್ತದೆ. ಜನರಿಗೆ ಅವರವರೇ ಆರಿಸಿದ ಸಂಗೀತ ಕೇಳಿಸಿ ಮೆದುಳನ್ನು ಗಮನಿಸಿದರು. ಸುಖಕ್ಕೆ ಸಂಬಂಧಿಸಿದ ಡೋಪಮೀನ್ ಎಂಬ ರಾಸಾಯನಿಕ ಬಿಡುಗಡೆ ಆಗುತ್ತಿದ್ದದ್ದು ಆ ಜಾಗ ಬಂದಾಗ ಮಾತ್ರವಲ್ಲ. ಅದಕ್ಕಿಂತ ಮುಂಚೆ, ಇನ್ನೇನು ಬರುತ್ತದೆ ಎಂದು ಕಾಯುವಾಗಲೂ, ಮೆದುಳಿನ ಇನ್ನೊಂದು ಭಾಗದಲ್ಲಿ ಆಗುತ್ತಿತ್ತು. ಅಂದರೆ ಸುಖದಲ್ಲಿ ಕಾಯುವುದರ ಪಾಲೂ ಇದೆ. ಗೊತ್ತಿರುವ ಹಾಡಿಗಲ್ಲದೆ ಇನ್ಯಾವುದಕ್ಕೆ ಅಷ್ಟು ಚೆನ್ನಾಗಿ ಕಾಯಲು ಸಾಧ್ಯ? ಅದಕ್ಕೇ ಒಳ್ಳೆಯ ಹಾಡನ್ನು ನಡುವಿನಿಂದ ಹಾಕಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಒಂದೇ ಸಾಲನ್ನು ತಿರುಗಿಸಿ ಮುರುಗಿಸಿ ಹಾಕುವ ಚಿಕ್ಕ ವಿಡಿಯೊಗಳು ಎಷ್ಟು ಹಾಡುಗಳನ್ನು ಕೊಂದವೋ! ಇಷ್ಟದ ಹಾಡನ್ನು ಅಲಾರಂಗೆ ಇಡುವವರ ಬಗ್ಗೆ ಮಾತೇ ಬೇಡ.

“ಹೀಗೆ ಸ್ವರ ಸ್ವರ ಬಿಡಿಸಿದರೆ ಹಾಡು ಸತ್ತೇ ಹೋಗುತ್ತೆ ಕಣೋ” ಎಂದು ಗೆಳೆಯನೊಬ್ಬ ಹೇಳಿದ್ದ. ಹಾಗೇನೂ ಆಗಲಿಲ್ಲ. ಯಾವ ಬೆರಳು ಎಲ್ಲಿ ಬೀಳುತ್ತದೆ ಎಂಬುದು ಕೈಗೇ ಗೊತ್ತಿರುವ ಹಾಡು ಕೂಡ ಆ ಜಾಗದಲ್ಲಿ ಬಿಡದೆ ಹಿಡಿಯುತ್ತದೆ. ಭಾಷಾವಿಜ್ಞಾನಿ ರೇ ಜಾಕೆಂಡಾಫ್ ಅವರ ವಾದ ನನಗೆ ಹಿಡಿಸಿದ್ದು ಈ ಕಾರಣಕ್ಕೆ. ಸಂಗೀತವನ್ನು ಬಿಡಿಸಿಕೊಳ್ಳುವ ಮೆದುಳಿನ ವ್ಯವಸ್ಥೆ ನಮ್ಮ ನೆನಪನ್ನು ಕೇಳಿಕೊಂಡು ಕೆಲಸ ಮಾಡುವುದಿಲ್ಲ, ಪ್ರತಿ ಸಲ ಹೊಸದಾಗಿ ಮುಂದಿನದನ್ನು ಊಹಿಸುತ್ತದೆ ಎಂದು ಅವರು ಹೇಳುತ್ತಾರೆ. ನಮಗೆ ತಿರುವು ಗೊತ್ತು, ಅದಕ್ಕೆ ಗೊತ್ತಿಲ್ಲ.

ಇನ್ನೊಂದು ಗಮನಿಸಿದೆ. ನನ್ನ ಪಟ್ಟಿಯಲ್ಲಿ ಕುಣಿಸುವ ಹಾಡು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬರೀ ಗೋಳಿನ ಹಾಡೂ ಉಳಿದಿಲ್ಲ. ಉಳಿದವು ಎರಡೂ ಬೆರೆತವು. ಮಾತು ಅಗಲಿಕೆಯದ್ದು, ರಾಗ ಮಾತ್ರ ಸಮಾಧಾನ ಹೇಳುವಂಥದ್ದು. ಇಲ್ಲವೇ ಮಾತು ನಗುತ್ತಿರುತ್ತದೆ, ದನಿ ನಗುವುದಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಇಷ್ಟದ ಹಾಡನ್ನು ಮತ್ತೆ ಮತ್ತೆ ಕೇಳುವ 204 ಜನರನ್ನು ವಿಚಾರಿಸಿದ್ದರು. ಸಂತೋಷದ ಹಾಡು ಹೆಸರಿಸಿದವರು ಅದನ್ನು ಸರಾಸರಿ 175 ಸಲ ಕೇಳಿದ್ದರಂತೆ. ಸಿಹಿ ಕಹಿ ಬೆರೆತ ಹಾಡು ಹೆಸರಿಸಿದವರು 790 ಸಲ! ಆ ಅಂತರ ನೋಡಿ ನನಗೇನೂ ಆಶ್ಚರ್ಯವಾಗಲಿಲ್ಲ.

ಈ ಯಾವ ಲೆಕ್ಕಕ್ಕೂ ಸಿಗದ ಹಾಡುಗಳೂ ಇವೆ. ಒರಗುವ ಸ್ವರ ಇಲ್ಲ, ಅನಿರೀಕ್ಷಿತ ಕಾರ್ಡ್ ಇಲ್ಲ, ಮೊದಲಿನಿಂದ ಕೊನೆವರೆಗೆ ಒಂದೇ ಧಾಟಿ. ಅಲ್ಲಿ ಕೆಲಸ ಮಾಡುವುದು ಪಲ್ಲವಿ. ಪ್ರತಿ ಚರಣ ಆದ ಮೇಲೆ ಅದೇ ಮಾತು ವಾಪಸ್ ಬರುತ್ತದೆ, ಆದರೆ ನಡುವೆ ಕಥೆ ಮುಂದೆ ಹೋಗಿರುತ್ತದೆ. ಮೊದಲು ಕರೆಯುವ ಮಾತಾಗಿದ್ದದ್ದು ಕೊನೆಗೆ ಬೀಳ್ಕೊಡುವ ಮಾತಾಗಿರುತ್ತದೆ. ಇಂಥ ಹಾಡಿಗೆ ಕೀಬೋರ್ಡ್ ಮುಚ್ಚಿಟ್ಟು ಸಾಹಿತ್ಯ ಕೈಯಲ್ಲಿ ಹಿಡಿದು ಕೇಳುತ್ತೇನೆ. ಭಾಷೆಯೇ ಗೊತ್ತಿಲ್ಲದ ಕೆಲವು ಹಾಡುಗಳೂ ಪಟ್ಟಿಯಲ್ಲಿ ಸೇರಿಕೊಂಡಿವೆ. ಅವುಗಳ ಅರ್ಥ ಹುಡುಕುವುದು ಈಗ ಒಂದು ನಿಮಿಷದ ಕೆಲಸ. ಇನ್ನೂ ಹುಡುಕಿಲ್ಲ, ಸದ್ಯಕ್ಕೆ ಹುಡುಕುವುದೂ ಇಲ್ಲ.